ಕಲಬುರಗಿ ಕಡೆಯ ಕೂಸು, ಡಲ್ಲಾಸ್‌ನ ಮನೆ

ಪ್ರಶ್ನೆ: ನಾವಿಬ್ಬರೂ ಮೈಸೂರು ಕಡೆಯವರು. ಹದಿನಾಲ್ಕು ವರ್ಷದಿಂದ ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಇಬ್ಬರೂ ಅಲ್ಲಿನ ಸಿಟಿಜನ್‌ಗಳು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದೆ. ದತ್ತು ಮಗುವಿಗಾಗಿ ಮೂರು ವರ್ಷ ಕಾದ ಮೇಲೆ ಹೋದ ವಾರ ಕಾರಾದಿಂದ (ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಒಂದು ಮಗುವಿನ ವಿವರ ಬಂತು. ಹತ್ತೊಂಬತ್ತು ತಿಂಗಳ ಹೆಣ್ಣು ಮಗು. ಕಲಬುರಗಿ ಕಡೆಯ ಒಂದು ಶಿಶುಗೃಹದಲ್ಲಿದೆ. ಸಿಕ್ಕಾಗ ತೂಕ 1.7 ಕೆ.ಜಿ., ಈಗ 8 ಕೆ.ಜಿ. ಇನ್ನೂ ನಡೆಯುವುದಿಲ್ಲ, ಮಾತಿಲ್ಲ ಎಂದು ವರದಿ ಹೇಳುತ್ತದೆ. ‘ಬಹಳ ಶಾಂತ ಸ್ವಭಾವ, ಅಳುವುದಿಲ್ಲ’ ಎಂದೂ ಬರೆದಿದ್ದಾರೆ. ಒಪ್ಪಿಕೊಳ್ಳಬೇಕಾ? ಒಪ್ಪಿದರೆ ಮುಂದೇನು? ಡೇಕೇರ್‌ನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬರು ‘ಮೊದಲ ದಿನದಿಂದಲೇ ಇಂಗ್ಲಿಷ್ ಮಾತಾಡಿ, ಬೇಗ ಹೊಂದಿಕೊಳ್ಳುತ್ತಾಳೆ’ ಅನ್ನುತ್ತಾರೆ. ಅತ್ತೆ ‘ಹೆಸರು ಬದಲಿಸಿ, ತಿರುಪತಿಯಲ್ಲಿ ಮುಡಿ ಕೊಡಿಸಿ, ದತ್ತು ಅಂತ ಯಾರ ಹತ್ತಿರಾನೂ ಬಾಯಿ ಬಿಡಬೇಡಿ’ ಅನ್ನುತ್ತಾರೆ. ಇದರ ನಡುವೆ ದೊಡ್ಡಪ್ಪನ ಮಗ, ಗೊತ್ತಿರುವ ನರ್ಸಿಂಗ್ ಹೋಮ್‌ನಲ್ಲಿ ಆಗ ತಾನೇ ಹುಟ್ಟಿದ ಮಗು ಸಿಗುತ್ತೆ, ಇಷ್ಟೆಲ್ಲ ಯಾಕೆ ಅಂತಾನೆ. ನಮಗೆ ತಲೆ ಕೆಟ್ಟುಹೋಗಿದೆ.

ಉತ್ತರ: ಕೊನೆಯದನ್ನು ಮೊದಲು ಮುಗಿಸಿಬಿಡೋಣ. ಅದಕ್ಕೆ ಜಾಸ್ತಿ ಹೊತ್ತು ಬೇಡ. ನರ್ಸಿಂಗ್ ಹೋಮಿನ ಮಗುವಿನ ಮಾತು ಇವತ್ತಿಗೇ ನಿಲ್ಲಲಿ. ‘ಸಿಗುತ್ತೆ’ ಅಂದರೆ ಯಾರೋ ಮಾರುತ್ತಿದ್ದಾರೆ ಎಂದೇ ಅರ್ಥ. 2015ರ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ದಂಡ ಇದೆ. ಆಸ್ಪತ್ರೆಯ ಸಿಬ್ಬಂದಿಯೇ ಕೈಹಾಕಿದ್ದರೆ ಅವರಿಗೆ ಮೂರರಿಂದ ಏಳು ವರ್ಷ. ಅದೆಲ್ಲ ಬಿಡಿ, ಅಂಥ ಮಗುವನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗುವ ವೀಸಾನೇ ನಿಮಗೆ ಸಿಗುವುದಿಲ್ಲ. ‘ಸಂಬಂಧಿಕರ ಮಗು ಆದರೆ?’ ಅಂತ ಮುಂದಿನ ಫೋನಿನಲ್ಲಿ ನಿಮ್ಮ ದೊಡ್ಡಪ್ಪನ ಮಗ ಕೇಳಬಹುದು. ಕಾಯ್ದೆ ಹೇಳುವ ಸಂಬಂಧಿಕರ ಪಟ್ಟಿ ಚಿಕ್ಕದು. ಮಗುವಿಗೆ ನೀವು ಸ್ವಂತ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಆಗಬೇಕು. ಇಲ್ಲ ಅಜ್ಜ ಅಜ್ಜಿ ಆಗಬೇಕು. ದೊಡ್ಡಪ್ಪನ ಮಗನ ಮಗು ನಮ್ಮ ಲೆಕ್ಕದಲ್ಲಿ ಮನೆಯದೇ ಕೂಸು. ಕಾನೂನಿನ ಲೆಕ್ಕದಲ್ಲಿ ಅಲ್ಲ.

ಇಷ್ಟು ಬಿಗಿ ಸುಮ್ನೆ ಬಂದಿದ್ದಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಮಕ್ಕಳನ್ನು ಹೊರದೇಶಕ್ಕೆ ಕಳಿಸುವುದು ಹಲವು ಕಡೆ ದಂಧೆಯೇ ಆಗಿಬಿಟ್ಟಿತ್ತು. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಅದರ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವೇ ಮೊಕದ್ದಮೆಯಾಗಿ 1984ರಲ್ಲಿ ತೀರ್ಪು ಬಂತು. ಅದರ ಬೆನ್ನಿಗೆ 1990ರಲ್ಲಿ ಕಾರಾ ಹುಟ್ಟಿತು. ದೇಶದಿಂದ ದೇಶಕ್ಕೆ ಹೋಗುವ ದತ್ತುಗಳಿಗೆ ನಿಯಮ ಹಾಕುವ ಹೇಗ್ ಒಪ್ಪಂದಕ್ಕೆ ಭಾರತ ಸೇರಿದ್ದು 2003ರಲ್ಲಿ. ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 2008ರಲ್ಲಿ. ನೀವು ಮೂರು ವರ್ಷ ಕಾದಿರಿ, ಗೊಣಗಿಯೂ ಇರುತ್ತೀರಿ. ಆದರೆ ಮುಂದೊಂದು ದಿನ ನಿಮ್ಮ ಮಗಳು ‘ನನ್ನನ್ನು ಕೊಂಡುಕೊಂಡಿರಾ?’ ಎಂದು ಕೇಳಿದರೆ, ಅವಳ ಕಣ್ಣಲ್ಲಿ ಕಣ್ಣಿಟ್ಟು ‘ಇಲ್ಲ’ ಅನ್ನುವುದಕ್ಕೆ ಈ ಕಾಗದಗಳೇ ಬೇಕು. ಮಕ್ಕಳು ಕೇಳೇ ಕೇಳುತ್ತಾರೆ.

ಈಗ ನಿಮ್ಮ ಕೈಯಲ್ಲಿರುವ ವರದಿಗೆ ಬರೋಣ. ಇಪ್ಪತ್ತು ಚಿಲ್ಲರೆ ವರ್ಷದಿಂದ ಬೆಂಗಳೂರಿನಲ್ಲಿ ಕೂತು ಇಂಥ ವರದಿಗಳನ್ನು ದಂಪತಿಗಳ ಜೊತೆ ಓದುವುದೇ ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ, ಸಮಾಜ ಕಾರ್ಯಕರ್ತೆ. ಆದ್ದರಿಂದ ನನ್ನ ಮಾತಿನ ಮೇಲೆ ನಿರ್ಧಾರ ಮಾಡಬೇಡಿ. ಹೊರದೇಶದಿಂದ ದತ್ತು ಬರುವ ಮಕ್ಕಳಿಗೆಂದೇ ಅಮೆರಿಕದ ಕೆಲವು ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ಕ್ಲಿನಿಕ್‌ಗಳಿವೆ. ಮಗು ಬರುವ ಮೊದಲೇ ಅವರು ವರದಿ, ವಿಡಿಯೋ ನೋಡಿ ಅಭಿಪ್ರಾಯ ಕೊಡುತ್ತಾರೆ. ಒಪ್ಪಿಗೆ ಹೇಳಲು ನಿಮಗಿರುವುದು ಮೂವತ್ತು ದಿನ. ನಾಳೆಯೇ ಫೋನ್ ಮಾಡಿ.

ಎಂಟು ಕೆ.ಜಿ. ಅಂದ ಕೂಡಲೇ ಗಾಬರಿಯಾಗಿದ್ದೀರಿ, ಅಲ್ವಾ? ಆ ವಯಸ್ಸಿನ ಹೆಣ್ಣುಮಕ್ಕಳ ನಡುಮಟ್ಟ ಹತ್ತು ಕೆ.ಜಿ.ಗಿಂತ ಸ್ವಲ್ಪ ಮೇಲೆ. ಹಾಗಾಗಿ ಮಗು ತೆಳ್ಳಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಶಿಶುಗೃಹದಲ್ಲಿ ಬೆಳೆದ ಮಕ್ಕಳು ಮೂರು ತಿಂಗಳಿಗೆ ಹೆಚ್ಚುಕಡಿಮೆ ಒಂದು ತಿಂಗಳ ಬೆಳವಣಿಗೆ ಹಿಂದೆ ಬೀಳುತ್ತವೆ ಎಂದು ಈ ಕ್ಷೇತ್ರದ ಡಾಕ್ಟರುಗಳೇ ಹೇಳುತ್ತಾರೆ. ತೂಕ, ಎತ್ತರ ಮನೆಗೆ ಬಂದ ಮೇಲೆ ಬಹಳಷ್ಟು ಕೂಡಿಕೊಳ್ಳುತ್ತವೆ. ನಾನು ಮೊದಲು ಹುಡುಕುವುದು ಬೇರೆ ಅಂಕಿ, ತಲೆಯ ಸುತ್ತಳತೆ. ಈ ವಯಸ್ಸಿಗೆ ನಡುಮಟ್ಟ 46 ಸೆಂ.ಮೀ. ಆಸುಪಾಸು. ಒಂದೇ ಅಳತೆ ಸಾಲದು. ಮಗು ಶಿಶುಗೃಹಕ್ಕೆ ಬಂದಾಗ ಎಷ್ಟಿತ್ತು, ಆರು ತಿಂಗಳ ನಂತರ ಎಷ್ಟು, ಈಗೆಷ್ಟು, ಎಲ್ಲ ಕೇಳಿ. ಚಿಕ್ಕದಿದ್ದರೂ ಗೆರೆ ಹಿಡಿದು ಮೇಲಕ್ಕೆ ಹೋಗುತ್ತಿದ್ದರೆ ಅದು ಒಂದು ಕಥೆ. ನಡುವೆ ನಿಂತುಬಿಟ್ಟಿದ್ದರೆ ಬೇರೆ ಕಥೆ.

1.7 ಕೆ.ಜಿ. ಅಂದರೆ ದಿನ ತುಂಬದೆ ಹುಟ್ಟಿರಲೂಬಹುದು. ಹಾಗಿದ್ದರೆ ವಯಸ್ಸಿನಲ್ಲಿ ಒಂದೆರಡು ತಿಂಗಳು ಕಳೆದು ಲೆಕ್ಕ ಹಾಕಬೇಕು. ಬಿಟ್ಟುಹೋದ ಮಗುವಾದರೆ ಹುಟ್ಟಿದ ದಿನವೂ ಅಂದಾಜಿನದೇ. ಡಾಕ್ಟರ್ ನೋಡಿ ಒಂದು ತಾರೀಕು ಹಾಕಿರುತ್ತಾರೆ. ರಕ್ತ ಪರೀಕ್ಷೆಗಳ ತಾರೀಕನ್ನೂ ನೋಡಿ. ಎಚ್‌ಐವಿ ಆಂಟಿಬಾಡಿ ತಾಯಿಯಿಂದ ಬಂದು ಹದಿನೆಂಟು ತಿಂಗಳ ತನಕ ಮಗುವಿನ ರಕ್ತದಲ್ಲಿ ಉಳಿದಿರಬಹುದು. ಮೂರು ತಿಂಗಳಲ್ಲಿ ಮಾಡಿಸಿದ ಆ ಪರೀಕ್ಷೆ ‘ಪಾಸಿಟಿವ್’ ಎಂದಿದ್ದರೆ ಮಗುವಿಗೆ ಸೋಂಕಿದೆ ಎಂದಲ್ಲ. ಈಗ ಹೊಸದಾಗಿ ಮಾಡಿಸಲು ಕೇಳುವ ಹಕ್ಕು ನಿಮಗಿದೆ.

ಇನ್ನು ನಡೆಯದಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಮಕ್ಕಳು ಹೆಚ್ಚೆಂದರೆ ಹದಿನೇಳೂವರೆ ತಿಂಗಳೊಳಗೆ ತಾವಾಗಿ ನಡೆಯುತ್ತವೆ. ಆದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಒಬ್ಬ ಆಯಾ ಐದಾರು ಮಕ್ಕಳನ್ನು ನೋಡುವ ಕಡೆ ಮಗು ದಿನದ ಬಹುಪಾಲು ತೊಟ್ಟಿಲಲ್ಲೇ ಇರುತ್ತದೆ. ಕಾಲಿಗೆ ನೆಲ ಸಿಕ್ಕಿರುವುದೇ ಕಡಿಮೆ. ಕಾಲಿಗೆ ಆಗುತ್ತಿಲ್ಲವೋ ಅಥವಾ ಅವಕಾಶ ಸಿಕ್ಕಿಲ್ಲವೋ ಎಂದು ಬಿಡಿಸಿ ನೋಡಲು ವಿಡಿಯೋ ಬೇಕು. ಶಿಶುಗೃಹದವರು ಸಾಮಾನ್ಯವಾಗಿ ಕಳಿಸುವುದು ಹೊಸ ಫ್ರಾಕ್ ಹಾಕಿ, ಪೌಡರ್ ಬಳಿದು, ‘ನಗು ಪುಟ್ಟಿ ನಗು’ ಅನ್ನುವ ಮೂವತ್ತು ಸೆಕೆಂಡಿನ ವಿಡಿಯೋ. ಅದರಿಂದ ಏನೂ ಗೊತ್ತಾಗಲ್ಲ. ನೀವು ಹೀಗೆ ಕೇಳಿ. ಮಗುವನ್ನು ನೆಲದ ಮೇಲೆ ಚಾಪೆ ಹಾಸಿ ಕೂರಿಸಿ. ಮುಂದೆ ಸ್ವಲ್ಪ ಚುರುಮುರಿ ಹಾಕಿ, ಹೆಬ್ಬೆರಳು ತೋರುಬೆರಳಿನಲ್ಲಿ ಒಂದೊಂದೇ ಕಾಳು ಎತ್ತುತ್ತಾಳಾ, ಇಲ್ಲ ಅಂಗೈಯಲ್ಲಿ ಬಾಚುತ್ತಾಳಾ ನೋಡಬೇಕು. ಎರಡೂ ಕೈ ಒಂದೇ ಸಮ ಓಡುತ್ತವಾ? ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗುತ್ತಾಳಾ? ತೊಟ್ಟಿಲ ಕಂಬಿ ಹಿಡಿದು ಏಳುತ್ತಾಳಾ? ಕಡೆಯದಾಗಿ, ಗುರುತಿಲ್ಲದವರು ಯಾರಾದರೂ ಕೋಣೆಗೆ ಬರಲಿ. ಆಗ ಮಗು ಆಯಾಳ ಮುಖ ನೋಡುತ್ತಾಳಾ?

ಈ ಕಡೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹೊಸಬರು ಬಂದಾಗ ಮಗು ತನ್ನವರ ಮುಖ ನೋಡಿದರೆ, ‘ತನ್ನವರು’ ಅನ್ನುವುದು ಅವಳ ಮನಸ್ಸಿನಲ್ಲಿ ಆಗಲೇ ಇದೆ ಎಂದಾಯಿತು. ಒಮ್ಮೆ ಒಬ್ಬರನ್ನು ಹಚ್ಚಿಕೊಂಡ ಮಗು ನಿಮ್ಮನ್ನೂ ಹಚ್ಚಿಕೊಳ್ಳುತ್ತದೆ. ಅದಕ್ಕೇ ‘ಶಾಂತ ಸ್ವಭಾವ, ಅಳುವುದಿಲ್ಲ’ ಅನ್ನುವ ಸಾಲು ಓದಿದಾಗ ನನಗೆ ನಿಮ್ಮಷ್ಟು ಖುಷಿಯಾಗಲಿಲ್ಲ. ವರದಿ ಬರೆದವರು ಹೊಗಳಿಕೆಗೇ ಬರೆದಿದ್ದಾರೆ. ಆದರೆ ಹತ್ತೊಂಬತ್ತು ತಿಂಗಳ ಮಗು ಅಳಬೇಕು. ಅತ್ತರೆ ಯಾರೋ ಬರುತ್ತಾರೆ ಎಂದು ಗೊತ್ತಿದ್ದರೆ ತಾನೇ ಅಳುವುದು? ಬರುವವರಿಲ್ಲ ಎಂದು ಕಲಿತ ಮಗು ಸುಮ್ಮನಾಗುತ್ತದೆ. ಎಲ್ಲ ಶಾಂತ ಮಕ್ಕಳೂ ಹಾಗಲ್ಲ, ಹುಟ್ಟು ಸ್ವಭಾವವೂ ಇರುತ್ತದೆ. ಹಸಿವಾದಾಗ ಏನು ಮಾಡುತ್ತಾಳೆ, ಬಿದ್ದಾಗ ಯಾರ ಕಡೆ ಕೈ ಚಾಚುತ್ತಾಳೆ ಎಂದು ಆಯಾನನ್ನೇ ಕೇಳಿಸಿ.

ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಅನಾಥಾಲಯದ 136 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಒಂದು ದೊಡ್ಡ ಅಧ್ಯಯನವಿದೆ. ಎರಡು ವರ್ಷ ತುಂಬುವ ಮೊದಲು ಮನೆ ಸೇರಿದ ಮಕ್ಕಳು ಆಮೇಲೆ ಸೇರಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ನಿಮ್ಮ ಮಗುವಿಗೆ ಹತ್ತೊಂಬತ್ತು ತಿಂಗಳು. ಅವಳಿರುವುದು ಅಂದಿನ ರುಮೇನಿಯಾದ ಅನಾಥಾಲಯದಂಥ ಜಾಗದಲ್ಲೂ ಅಲ್ಲ. ಒಪ್ಪಿಕೊಳ್ಳಿ ಎಂದು ನಾನು ಹೇಳಲಾರೆ. ಬೇಡ ಅನಿಸಿದರೆ ಬೇಡ ಅನ್ನಿ, ಅದು ಪಾಪವಲ್ಲ. ಅರ್ಧ ಮನಸ್ಸಿನಲ್ಲಿ ಒಪ್ಪಿ ಕರೆದುಕೊಂಡು ಹೋಗಿ, ಆರು ತಿಂಗಳಲ್ಲಿ ‘ಆಗ್ತಾ ಇಲ್ಲ’ ಎಂದು ಫೋನ್ ಮಾಡಿದವರನ್ನು ನೋಡಿದ್ದೇನೆ. ಅದು ಬಹಳ ಕೆಟ್ಟದ್ದು.

ಒಪ್ಪಿದಿರಿ ಅಂತಿಟ್ಟುಕೊಳ್ಳೋಣ. ಕಾಗದದ ದಾರಿ ನಿಮ್ಮ ಅಮೆರಿಕದ ಏಜೆನ್ಸಿಗೆ ಬಾಯಿಪಾಠ, ನಾನು ಉದ್ದ ಮಾಡಲ್ಲ. ನೀವು ದತ್ತು ತೆಗೆದುಕೊಳ್ಳಲು ಅರ್ಹರು ಎಂದು ಅಮೆರಿಕ ಸರ್ಕಾರ ಒಪ್ಪುವ ಅರ್ಜಿ, ಐ-800ಎ, ಈಗಾಗಲೇ ಆಗಿದೆ. ಮುಂದೆ ಈ ಮಗುವಿನ ಹೆಸರಿನಲ್ಲಿ ಐ-800 ಅರ್ಜಿ. ಅದಾದ ಮೇಲೆ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯಿಂದ ಹೇಗ್ ಒಪ್ಪಂದದ 5ನೇ ವಿಧಿಯ ಪತ್ರ, ಅಂದರೆ ನೀವು ಅರ್ಹರು, ಮಗು ಅಮೆರಿಕಕ್ಕೆ ಬರಬಹುದು ಎನ್ನುವ ಪತ್ರ. ಅದರ ಮೇಲೆ ಕಾರಾದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ. ಆಮೇಲೆ ಶಿಶುಗೃಹದವರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕುತ್ತಾರೆ. ಮೊದಲು ಇದು ಕೋರ್ಟಿನಲ್ಲಿ ಆಗುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿ. ಆದೇಶ ಬಂದ ಮೇಲೆ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಕಾರಾದ ದೃಢೀಕರಣ ಪತ್ರ, ಕೊನೆಗೆ ದೆಹಲಿಯಲ್ಲಿ ವೀಸಾ. ಶಿಶುಗೃಹಕ್ಕೆ ಕಟ್ಟಬೇಕಾದ ಮಗುವಿನ ಆರೈಕೆ ನಿಧಿ 5,000 ಡಾಲರ್. ಅದಕ್ಕೆ ರಸೀದಿ ಕೊಡುತ್ತಾರೆ. ರಸೀದಿ ಇಲ್ಲದೆ ಒಂದು ರೂಪಾಯಿ ಯಾರು ಕೇಳಿದರೂ ಕೊಡಬೇಡಿ. ನಾನು ನೋಡಿದ ಕಡತಗಳಲ್ಲಿ ಇದೆಲ್ಲ ಆರು ತಿಂಗಳಿಗಿಂತ ಬೇಗ ಮುಗಿದದ್ದು ಕಡಿಮೆ. ಎನ್‌ಒಸಿ ಬಂದ ಮೇಲೆ, ಆದೇಶಕ್ಕೆ ಕಾಯುವ ಹೊತ್ತಿನಲ್ಲಿ, ಭಾರತದಲ್ಲೇ ಮಗುವನ್ನು ನಿಮ್ಮ ಜೊತೆ ಇಟ್ಟುಕೊಳ್ಳಲು ಅವಕಾಶವಿದೆ. ಒಬ್ಬರಾದರೂ ರಜೆ ಹಾಕಿ ಬರಲು ಆದರೆ ಬನ್ನಿ. ಆದರೆ ಇರುವ ರಜೆಯನ್ನೆಲ್ಲ ಇಲ್ಲೇ ಖರ್ಚು ಮಾಡಿಕೊಳ್ಳಬೇಡಿ. ಮಗು ಡಲ್ಲಾಸ್ ಮುಟ್ಟಿದ ಮೇಲೆ ರಜೆ ಬೇಕಾಗುವುದು ಜಾಸ್ತಿ.

ಈಗ ಭಾಷೆ. ನಿಮ್ಮ ಪತ್ರದಲ್ಲಿ ನನಗೆ ಉತ್ತರ ಕೊಡಬೇಕು ಅನಿಸಿದ ಪ್ರಶ್ನೆ ನಿಜವಾಗಿ ಇದೇ.

‘ಮಾತಿಲ್ಲ’ ಎಂದು ವರದಿ ಹೇಳುತ್ತದೆ. ಅಂದರೆ ಅವಳು ಮಾತಾಡುತ್ತಿಲ್ಲ ಅಷ್ಟೇ. ಅವಳಿಗೆ ಭಾಷೆ ಇಲ್ಲ ಎಂದಲ್ಲ. ಹತ್ತೊಂಬತ್ತು ತಿಂಗಳು ಅವಳ ಕಿವಿಗೆ ಬಿದ್ದಿರುವುದು ಒಂದು ದನಿ, ಒಂದು ರಾಗ. ಮಾಂಟ್ರಿಯಲ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಚೀನಾದಿಂದ ಸುಮಾರು ಒಂದು ವರ್ಷದ ವಯಸ್ಸಿನಲ್ಲಿ ಫ್ರೆಂಚ್ ಮಾತಾಡುವ ಮನೆಗಳಿಗೆ ದತ್ತು ಬಂದ ಹೆಣ್ಣುಮಕ್ಕಳು. ಅಧ್ಯಯನದ ಹೊತ್ತಿಗೆ ಅವರಿಗೆ ಒಂಬತ್ತರಿಂದ ಹದಿನೇಳು ವರ್ಷ. ಚೀನೀ ಭಾಷೆ ಮರೆತೇಹೋಗಿತ್ತು. ಆದರೂ ಆ ಭಾಷೆಯ ಏರಿಳಿತ ಕೇಳಿಸಿದಾಗ ಅವರ ಮಿದುಳು ಸ್ಪಂದಿಸಿದ ರೀತಿ, ಚೀನೀ ಮಾತಾಡುತ್ತಲೇ ಬೆಳೆದವರ ಹಾಗಿತ್ತು. ಫ್ರೆಂಚ್ ಒಂದೇ ಗೊತ್ತಿದ್ದ ಮಕ್ಕಳ ಹಾಗಿರಲಿಲ್ಲ. ಮೊದಲ ವರ್ಷದ ದನಿ ಎಲ್ಲೋ ಒಳಗೆ ಕೂತಿರುತ್ತದೆ ಎಂದಾಯಿತು.

ಟೆಕ್ಸಾಸಿನ ಬಿಳಿಯ ದಂಪತಿ ಇಂಥ ಮಗುವನ್ನು ಕರೆದೊಯ್ದರೆ ಅವಳಿಗೆ ಒಂದೇ ದಿನದಲ್ಲಿ ಎಲ್ಲ ಬದಲಾಗುತ್ತದೆ. ಮುಖ, ವಾಸನೆ, ಊಟ, ಮಾತು, ಎಲ್ಲ. ಅವರು ಎಷ್ಟೇ ಒಳ್ಳೆಯವರಾದರೂ ಒಂದನ್ನು ಕೊಡಲಾರರು. ಅದು ನಿಮ್ಮ ಬಾಯಲ್ಲಿದೆ. ಅದನ್ನೇ ಬಿಟ್ಟು ಡೇಕೇರ್‌ಗೆ ಅನುಕೂಲ ಅಂತ ಇಂಗ್ಲಿಷ್ ಶುರು ಮಾಡುತ್ತೀರಾ? ಇಂಗ್ಲಿಷ್ ಬರುತ್ತದೆ. ಡಲ್ಲಾಸ್‌ನಲ್ಲಿ ಬೆಳೆಯುವ ಮಗುವಿಗೆ ಇಂಗ್ಲಿಷ್ ಬಾರದೆ ಹೋದದ್ದನ್ನು ಯಾರಾದರೂ ಕೇಳಿದ್ದೀರಾ?

ಆದರೆ ಒಂದು ಮಾತು. ನಿಮ್ಮದು ಮೈಸೂರು ಕನ್ನಡ. ಅವಳು ಕೇಳಿರುವುದು ಅದಲ್ಲ. ನೀವು ‘ಮಲ್ಕೋ’ ಅಂದರೆ ಅಲ್ಲಿ ‘ಮಕ್ಕೋ’ ಅನ್ನುತ್ತಾರೆ. ನೀವು ‘ಊಟ ಮಾಡು’ ಅಂದರೆ ಅಲ್ಲಿ ‘ಉಣ್ಣು’. ಅಲ್ಲಿನ ಆಯಾ ‘ಯಾಕಳ್ತೀ ಕೂಸ, ಬಾ ನನ್ನವ್ವ’ ಎಂದು ಎಳೆದು ಹೇಳುವ ಆ ರಾಗಕ್ಕೆ ಮಗು ತಿರುಗುತ್ತದೆ. ಕಲಬುರಗಿ ಕಡೆ ಆಯಾಗಳು ಮನೆಯಲ್ಲಿ ಉರ್ದುವೋ ತೆಲುಗೋ ಮಾತಾಡುವವರೂ ಇರುತ್ತಾರೆ, ಮಗುವಿನ ಹತ್ತಿರ ಅದೇ ಬಾಯಿಗೆ ಬರುತ್ತದೆ. ಆದ್ದರಿಂದ ಊಹೆ ಬೇಡ, ಕೇಳಿ. ಶಿಶುಗೃಹದ ಒಪ್ಪಿಗೆ ತೆಗೆದುಕೊಂಡು, ಆಯಾಳ ದನಿಯಲ್ಲಿ ಹತ್ತು ಸಣ್ಣ ತುಣುಕು ರೆಕಾರ್ಡ್ ಮಾಡಿಸಿಕೊಳ್ಳಿ. ಉಣ್ಣಿಸುವಾಗ ಏನನ್ನುತ್ತೀರಿ, ಸ್ನಾನ ಮಾಡಿಸುವಾಗ ಏನು, ಮಲಗಿಸುವಾಗ ಏನು, ಬೈಯುವಾಗ ಏನು. ಬೈಯುವುದನ್ನು ಮರೆಯಬೇಡಿ, ಅದೂ ಅವಳ ಭಾಷೆಯೇ. ಆಮೇಲೆ ನೀವಿಬ್ಬರೂ ಅದನ್ನು ಕೇಳಿ ಕೇಳಿ ಬಾಯಿಗೆ ಹಚ್ಚಿಕೊಳ್ಳಿ. ಮೈಸೂರಿನವರಿಗೆ ಮೊದಲೆರಡು ದಿನ ನಾಟಕದ ಡೈಲಾಗ್ ಹೇಳಿದಂತೆ ಅನಿಸುತ್ತದೆ, ಪರವಾಗಿಲ್ಲ.

ಸಿಯಾಟಲ್‌ನಿಂದ ಬಂದಿದ್ದ ಒಂದು ಕನ್ನಡದ ಜೋಡಿ ನೆನಪಾಗುತ್ತದೆ. ಇಲ್ಲಿ ಬೆಂಗಳೂರಿನ ಒಂದು ಗೆಸ್ಟ್ ಹೌಸ್‌ನಲ್ಲಿ ಮಗುವಿನ ಜೊತೆ ಇದ್ದರು. ಮೂರು ರಾತ್ರಿ ಮಗು ನಿದ್ದೆ ಮಾಡಲಿಲ್ಲ. ಮೆತ್ತನೆ ಹಾಸಿಗೆ, ಎ.ಸಿ., ಎಲ್ಲ ಇತ್ತು. ಅಮ್ಮ ಹೂ ಮುಟ್ಟಿದಂತೆ ಬೆನ್ನು ನೇವರಿಸುತ್ತಿದ್ದರು. ಮಗು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಮಲಗಿರುತ್ತಿತ್ತು. ನಾಲ್ಕನೇ ದಿನ ನಾನು ಶಿಶುಗೃಹದ ಆಯಾಗೆ ಫೋನ್ ಮಾಡಿದೆ. ಆಕೆ ನಕ್ಕು, ‘ಮೆಲ್ಲಗ ತಟ್ಟಿದ್ರ ಎಲ್ಲಿ ಮಕ್ಕೋತೈತ್ರಿ, ಜೋರ ತಟ್ಟಬೇಕ್ರಿ’ ಅಂದಳು. ಒಂದೇ ಕೈಯಲ್ಲಿ ಸಾಲಾಗಿ ಮಕ್ಕಳನ್ನು ಮಲಗಿಸುವವಳ ತಟ್ಟು ಅದು, ದಪ್ ದಪ್ ಎಂದು ಸದ್ದಾಗುವಂಥದ್ದು. ನೆಲದ ಮೇಲೆ ಚಾಪೆ ಹಾಕಿ, ಮೇಲೊಂದು ಹಳೇ ಸೀರೆ ಹಾಸಿ, ಹಾಗೇ ತಟ್ಟಿದರು. ಹತ್ತು ನಿಮಿಷಕ್ಕೆ ನಿದ್ದೆ. ಆ ಅಮ್ಮ ಮಾತ್ರ ಬಾತ್‌ರೂಮಿಗೆ ಹೋಗಿ ಅತ್ತರು. ಇಷ್ಟು ದಿನ ನನ್ನ ಪ್ರೀತಿ ಅವಳಿಗೆ ಪ್ರೀತಿ ಅಂತ ಗೊತ್ತೇ ಆಗಿರಲಿಲ್ಲ ಅಂದರು.

ವಾಸನೆಯೂ ಹಾಗೇ. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಗುವನ್ನು ಒಪ್ಪಿಸುವ ದಿನ, ಮೈಮೇಲಿದ್ದ ಹಳೇ ಫ್ರಾಕ್ ತೆಗೆಸಿ ಹೊಸದು ಹಾಕಿಸಿ ಎಂದು ಒಬ್ಬರಿಗೆ ಹೇಳಿದ್ದೆ. ಅವರು ಪಾಪ ನನ್ನ ಮಾತು ಕೇಳಿ ಹಳೆಯದನ್ನು ಎಸೆದೇಬಿಟ್ಟರು. ಮಗು ಎರಡು ದಿನ ಬರೀ ಏನನ್ನೋ ಹುಡುಕಿದ ಹಾಗೆ ಕೈ ಆಡಿಸುತ್ತಿತ್ತಂತೆ. ಆ ಫ್ರಾಕಿನ ಅಂಚು ಬಾಯಲ್ಲಿಟ್ಟುಕೊಂಡು ಮಲಗುವುದು ಅದರ ರೂಢಿ ಎಂದು ನನಗೆ ಆಮೇಲೆ ಗೊತ್ತಾಯಿತು. ಆವತ್ತಿನಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ಒಂದು ಹಳೇ ಕಾಟನ್ ಸೀರೆಯಲ್ಲಿ ಒಂದು ವಾರ ಮಲಗಿ. ಅದರಲ್ಲಿ ಒಂದು ಸಣ್ಣ ಕೌದಿ ಹೊಲಿಸಿ, ಒಗೆಯದೆ ಶಿಶುಗೃಹಕ್ಕೆ ಕಳಿಸಿ. ದಿನಾ ಅದರಲ್ಲೇ ಮಲಗಿಸಿ ಎಂದು ಕೇಳಿಕೊಳ್ಳಿ. ಜೊತೆಗೆ ನಿಮ್ಮಿಬ್ಬರ ಮುಖ ದೊಡ್ಡದಾಗಿ ಕಾಣುವ ನಾಲ್ಕು ಫೋಟೋ ಲ್ಯಾಮಿನೇಟ್ ಮಾಡಿಸಿ ಕಳಿಸಿ. ಕರೆದುಕೊಂಡು ಬರುವ ದಿನ ಕೌದಿ ವಾಪಸ್ ತನ್ನಿ. ಫಿನಾಯಿಲ್, ಕೊಬ್ಬರಿ ಎಣ್ಣೆ, ಹಾಲಿನ ವಾಸನೆ ಎಲ್ಲ ಸೇರಿರುತ್ತದೆ. ತಿಂಗಳು ಅದನ್ನು ವಾಷಿಂಗ್ ಮಷಿನ್‌ಗೆ ಹಾಕಬೇಡಿ, ನಿಮಗೆ ಎಷ್ಟೇ ಅಸಹ್ಯ ಅನಿಸಿದರೂ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಮೇಲೆ ಸಿಟ್ಟಾಗಬೇಡಿ. ಮೊಮ್ಮಗಳು ಬರುತ್ತಾಳೆ ಎಂದು ಮುಡಿಯ ತನಕ ಯೋಚನೆ ಮಾಡಿದ್ದಾರೆ ಅಂದರೆ ಅವರು ಒಪ್ಪಿಯಾಗಿದೆ. ಮುಡಿ ಕೊಡಿಸಿ, ಆದರೆ ಈ ಸಲ ಬೇಡ. ಎಲ್ಲ ಬದಲಾಗುತ್ತಿರುವ ವಾರದಲ್ಲಿ ಗುರುತಿಲ್ಲದವರು ತಲೆ ಹಿಡಿದು ಬೋಳಿಸಿದರೆ ಮಗು ನಡುಗಿಹೋಗುತ್ತದೆ. ಒಂದು ವರ್ಷ ಬಿಟ್ಟು ನಿಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಮಾಡಿಸಿ. ಹೆಸರೂ ಹಾಗೇ. ಶಿಶುಗೃಹದಲ್ಲಿ ಇಟ್ಟ ಹೆಸರು ನಿಮಗೆ ಹಳೇ ಕಾಲದ್ದು ಅನಿಸಬಹುದು. ಆದರೆ ಅವಳು ತಿರುಗಿ ನೋಡುವುದು ಆ ಹೆಸರಿಗೇ, ಸದ್ಯಕ್ಕೆ ಅವಳ ಸ್ವಂತದ್ದು ಅದೊಂದೇ. ಮುಂದೆ ಇನ್ನೊಂದು ಸೇರಿಸಿ, ಇದನ್ನು ತೆಗೆಯಬೇಡಿ. ಕಾಡಿಗೆ ಹಚ್ಚುವುದು ಬೇಡ ಎಂದೂ ಅತ್ತೆಗೆ ಮೊದಲೇ ಹೇಳಿಬಿಡಿ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಅಮೆರಿಕದಲ್ಲಿ ಮೊದಲ ರಕ್ತ ಪರೀಕ್ಷೆಯಲ್ಲೇ ಅದನ್ನೂ ನೋಡುತ್ತಾರೆ.

ಯಾರಿಗೂ ಹೇಳಬೇಡಿ ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ. ಬಿಳಿಯ ದಂಪತಿಗೆ ಈ ಆಸೆಯೇ ಹುಟ್ಟುವುದಿಲ್ಲ. ಮಗುವಿನ ಮೈಬಣ್ಣ ನೋಡಿದರೆ ಅಂಗಡಿಯವರಿಗೂ ಗೊತ್ತಾಗುತ್ತದೆ. ನಿಮಗೆ ಹಾಗಲ್ಲ. ಅಪ್ಪನ ಮೂಗು ಅಂತ ಯಾರೋ ಹೇಳುತ್ತಾರೆ, ನೀವು ನಕ್ಕು ಸುಮ್ಮನಾಗುತ್ತೀರಿ, ಹಾಗೇ ಹತ್ತು ವರ್ಷ ಕಳೆಯುತ್ತದೆ. ಒಂದು ದಿನ ಮದುವೆ ಮನೆಯಲ್ಲಿ ಯಾವುದೋ ಚಿಕ್ಕಮ್ಮ ಬಾಯಿ ಬಿಡುತ್ತಾರೆ. ಆಗ ಮಗಳಿಗೆ ಸಿಟ್ಟು ಬರುವುದು ದತ್ತು ತಗೊಂಡಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಿಕೊಳ್ಳಲು ಕಾರಾಗೆ ಅರ್ಜಿ ಹಾಕುವ ಹಕ್ಕು ಅವಳಿಗೆ ನಿಯಮದಲ್ಲೇ ಇದೆ. ಅವಳಿಗೆ ಮಾತು ಅರ್ಥವಾಗುವ ಮೊದಲೇ ಹೇಳಲು ಶುರು ಮಾಡಿ. ಮಲಗಿಸುವಾಗ ‘ನಿನ್ನನ್ನು ಕರ್ಕೊಂಡು ಬರೋಕೆ ವಿಮಾನದಲ್ಲಿ ಬಂದ್ವಿ, ಆಮೇಲೆ ರೈಲಿನಲ್ಲಿ ಕಲಬುರಗಿಗೆ ಬಂದ್ವಿ’ ಎಂದು ಕಥೆಯಂತೆ ಹೇಳಿದರೆ ಮೊದಲಿಗೆ ಅಭ್ಯಾಸವಾಗುವುದು ನಿಮ್ಮ ನಾಲಿಗೆಗೇ. ಊರಿನವರು ‘ಯಾವ ಜನ?’ ಎಂದು ಕೇಳಿಯೇ ಕೇಳುತ್ತಾರೆ. ನನಗೆ ಗೊತ್ತಿರುವ ಒಬ್ಬ ತಾತ ‘ನಮ್ಮನೆ ಜನ’ ಎಂದಷ್ಟೇ ಹೇಳಿ ಕಾಫಿ ಕುಡಿಯುತ್ತಿದ್ದರು. ಎರಡನೇ ಸಲ ಯಾರೂ ಕೇಳಲಿಲ್ಲ. ಆದರೆ ಅವಳನ್ನು ಯಾರು ಬಿಟ್ಟುಹೋದರು, ಎಲ್ಲಿ ಸಿಕ್ಕಳು ಅನ್ನುವ ವಿವರ ಊರಿಗೆಲ್ಲ ಹಂಚುವುದಲ್ಲ. ಅದು ಅವಳ ಆಸ್ತಿ, ದೊಡ್ಡವಳಾದ ಮೇಲೆ ಯಾರಿಗೆ ಹೇಳಬೇಕೋ ಅವಳೇ ಹೇಳಿಕೊಳ್ಳಲಿ. ಆದೇಶ ಆಗುವ ತನಕ ಅವಳ ಫೋಟೋ ಫೇಸ್‌ಬುಕ್ಕಿಗೂ ವಾಟ್ಸಾಪ್ ಗುಂಪಿಗೂ ಹಾಕಬೇಡಿ. ಮಗುವಿನ ಗುರುತು ಬಹಿರಂಗ ಮಾಡುವುದು ಅಪರಾಧ.

ಡಲ್ಲಾಸ್‌ಗೆ ಹೋದ ಮೇಲಿನ ಮೊದಲ ಎರಡು ತಿಂಗಳು ಉಣ್ಣಿಸುವುದು, ಸ್ನಾನ, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು ನೀವಿಬ್ಬರೇ ಮಾಡಿ. ಬಂದವರು ಆಟ ಆಡಿಸಲಿ, ಅಡುಗೆ ಮಾಡಿಕೊಡಲಿ. ಕನ್ನಡ ಸಂಘದ ಗೆಳೆಯರಿಗೆ ಇದು ಸೊಕ್ಕು ಅನಿಸಬಹುದು, ಮೊದಲೇ ಹೇಳಿಬಿಡಿ. ಎಲ್ಲರ ತೋಳಿಗೂ ನಗುತ್ತಾ ಹೋಗುವ ಮಗು ‘ಎಷ್ಟು ಸಲಿಗೆ!’ ಅನಿಸಿಕೊಳ್ಳುತ್ತದೆ. ನಿಜವಾಗಿ ಅದಕ್ಕೆ ಇನ್ನೂ ಯಾರೂ ತನ್ನವರಲ್ಲ. ಒಂದು ದಿನ ಅವಳು ನಿಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಲ್ಲ ಎಂದು ರಂಪ ಮಾಡುತ್ತಾಳೆ. ಆಗ ನನಗೊಂದು ಫೋನ್ ಮಾಡಿ, ನಾನು ಇಲ್ಲಿ ಸಿಹಿ ತಿನ್ನುತ್ತೇನೆ. ಊಟ ಅವಳಿಗೆ ಗೊತ್ತಿರುವುದೇ ಇರಲಿ. ರಾಗಿ ಸರಿ, ಅನ್ನ ಬೇಳೆ, ಮೆತ್ತಗೆ ಹಿಸುಕಿದ್ದು. ತಟ್ಟೆ ಖಾಲಿಯಾದ ಕೂಡಲೇ ಎತ್ತಬೇಡಿ, ಎದುರಿಗೇ ಇನ್ನೊಂದು ತುತ್ತು ಉಳಿದಿರಲಿ. ಊಟ ಮತ್ತೆ ಸಿಗುತ್ತದೆ ಎಂದು ನಂಬಲು ಕೆಲವು ಮಕ್ಕಳಿಗೆ ತಿಂಗಳುಗಟ್ಟಲೆ ಬೇಕು.

ಕಾಗದದ ಎರಡು ಮಾತು ಬಾಕಿ ಇದೆ. ದತ್ತು ಭಾರತದಲ್ಲೇ ಪೂರ್ತಿಯಾಗಿ, ಐಎಚ್-3 ವೀಸಾದಲ್ಲಿ ಹೋದರೆ, 2000ದ ಮಕ್ಕಳ ಪೌರತ್ವ ಕಾಯ್ದೆಯಂತೆ ಅಲ್ಲಿ ಇಳಿದು ಒಳಗೆ ಹೋದ ಕೂಡಲೇ ಅವಳು ಅಮೆರಿಕದ ಸಿಟಿಜನ್. ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ, ಬಂದಿತಾ ಎಂದು ಗಮನ ಇಡಿ. ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಅವಳಿಗೂ ಒಸಿಐ ಮಾಡಿಸಿ. ಇದನ್ನು ಮರೆತು ಎರಡು ವರ್ಷ ಬಿಟ್ಟು ಹಳೇ ಪಾಸ್‌ಪೋರ್ಟ್ ಹಿಡಿದು ಹೊರಟವರು ಏರ್‌ಪೋರ್ಟಿನಲ್ಲಿ ಪಡುವ ಪಾಡು ಬೇಡ. ಎರಡು ವರ್ಷ ನಿಮ್ಮ ಏಜೆನ್ಸಿಯವರು ಮನೆಗೆ ಬಂದು ವರದಿ ಕಳಿಸುತ್ತಾರೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಆಗ ಎಲ್ಲ ಚೆನ್ನಾಗಿದೆ ಎಂದು ನಾಟಕ ಆಡಬೇಡಿ. ಕಷ್ಟ ಇದ್ದರೆ ಹೇಳಿಕೊಳ್ಳಲು ಇರುವ ಜಾಗವೇ ಅದು. ಹುಡುಗಿ ಏಳೆಂಟು ವರ್ಷದವಳಾದಾಗ ಮೈನೆರೆಯುವ ಲಕ್ಷಣದ ಮೇಲೆ ಒಂದು ಕಣ್ಣಿರಲಿ. ಭಾರತದಿಂದ ಸ್ವೀಡನ್‌ಗೆ ದತ್ತು ಹೋದ ಹೆಣ್ಣುಮಕ್ಕಳಲ್ಲಿ ಅದು ಬೇಗ ಬಂದದ್ದನ್ನು ಅಲ್ಲಿನ ಡಾಕ್ಟರುಗಳು ದಾಖಲಿಸಿದ್ದಾರೆ. ಹೆದರುವ ವಿಷಯವಲ್ಲ, ಡಾಕ್ಟರಿಗೆ ಮೊದಲೇ ತಿಳಿಸಿರಬೇಕು ಅಷ್ಟೇ.

ಮಗುವನ್ನು ಕರೆದುಕೊಳ್ಳಲು ಹೋದ ದಿನ ಶಿಶುಗೃಹದಲ್ಲಿ ಗಡಿಬಿಡಿ ಇರುತ್ತದೆ. ಸಹಿ, ಆರತಿ, ಗ್ರೂಪ್ ಫೋಟೋ. ಆಯಾ ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆ. ಅವಳ ಪಕ್ಕ ಹೋಗಿ ಅರ್ಧ ಗಂಟೆ ಕೂತುಕೊಳ್ಳಿ. ಮಗುವನ್ನು ಅವಳ ಕೈಯಿಂದಲೇ ತಗೊಳ್ಳಿ, ಮ್ಯಾನೇಜರ್ ಕೈಯಿಂದ ಬೇಡ. ಅವಳ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ನಿಮಗೆ ಕೊಡುವ ಕಡತದಲ್ಲಿ ಅದೊಂದು ಇರುವುದಿಲ್ಲ.